ಪದ ಪರಿಚಯ: ಸೆಪ್ಸಿಸ್

ಕಾಫಿ ತೋಟದಲ್ಲಿ ಕಳೆ ಸವರುವಾಗ ಕಾಲಿಗೆ ಕತ್ತಿ ತಾಗುತ್ತದೆ. ಎರಡು ದಿನದಲ್ಲಿ ಗಾಯ ಕೆಂಪಾಗಿ ಊದಿ ಕೀವು ತುಂಬುತ್ತದೆ. ಇದು ಸೋಂಕು. ಇಂಥ ಸೋಂಕಿನ ಜೊತೆ ಹೋರಾಡುವಾಗ ದೇಹವೇ ಹದ ತಪ್ಪಿ ತನ್ನ ಕಿಡ್ನಿ, ಶ್ವಾಸಕೋಶ, ಮೆದುಳಿಗೆ ಪೆಟ್ಟು ಕೊಡಲು ಶುರು ಮಾಡಿದರೆ, ಅದು ಸೆಪ್ಸಿಸ್. 2016ರಲ್ಲಿ ತಜ್ಞರು ಒಪ್ಪಿದ ವಿವರಣೆಯ ತಿರುಳೂ ಇದೇ. ಗಾಯವೇ ಆಗಬೇಕೆಂದಿಲ್ಲ. ನ್ಯುಮೋನಿಯಾ, ಉರಿಮೂತ್ರ, ಹೆರಿಗೆಯ ನಂತರದ ಸೋಂಕು, ಮಳೆಗಾಲದ ಇಲಿಜ್ವರ, ಯಾವುದರಿಂದಲೂ ಬರಬಹುದು. ಶುಗರ್ ಇರುವವರು, ವಯಸ್ಸಾದವರು, ಎಳೆ ಮಕ್ಕಳಿಗೆ ಅಪಾಯ ಜಾಸ್ತಿ.

ಜ್ವರ ಒಂದನ್ನೇ ನೋಡುತ್ತಾ ಕೂರುವುದು ನನಗೆ ತುಂಬಾ ಭಯ ಹುಟ್ಟಿಸುವ ವಿಷಯ. ಪ್ಯಾರಾಸಿಟಮಾಲ್ ಕೊಟ್ಟು, ಮೈ ತಣ್ಣಗಾಯ್ತು ಅಂತ ಸಮಾಧಾನ ಪಡುತ್ತೇವೆ ಅಲ್ವಾ? ಸೆಪ್ಸಿಸ್ ಆದವರ ಮೈ 36 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಇಳಿಯಬಹುದು, ಅದರಲ್ಲೂ ವಯಸ್ಸಾದವರಲ್ಲಿ. ಹಾಗಾಗಿ ಉಸಿರು ಎಣಿಸಿ. ದೊಡ್ಡವರಲ್ಲಿ ನಿಮಿಷಕ್ಕೆ 22 ಅಥವಾ ಅದಕ್ಕಿಂತ ಜಾಸ್ತಿ ಉಸಿರು, 100 ಅಥವಾ ಅದಕ್ಕಿಂತ ಕಡಿಮೆ ಇರುವ ಮೇಲಿನ ಬಿಪಿ, ಮಂಕಾದ ಪ್ರಜ್ಞೆ: ಈ ಮೂರರಲ್ಲಿ ಎರಡಿದ್ದರೆ ವೈದ್ಯರು ತಕ್ಷಣ ಎಚ್ಚರವಾಗುತ್ತಾರೆ. ಮನೆಯವರು ಒಂದೇ ಕಂಡರೂ ಕಾಯಬಾರದು. ನಿನ್ನೆವರೆಗೆ ಸರಿಯಿದ್ದ ಅಜ್ಜಿ ಇವತ್ತು ಏನೇನೋ ಮಾತಾಡಿದರೆ, ಸುಮ್ನೆ ವಯಸ್ಸಿನ ಮರೆವು ಅಂದುಕೊಳ್ಳಬೇಡಿ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿದ್ದಾರಾ, ಕೇಳಿ; ಮೂತ್ರ ಕಡಿಮೆಯಾಗಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು.

ಆಸ್ಪತ್ರೆಯಲ್ಲಿ ರಕ್ತದ ಲ್ಯಾಕ್ಟೇಟ್ (ದೇಹದ ಅಂಗಗಳು ಕಷ್ಟದಲ್ಲಿದ್ದಾಗ ರಕ್ತದಲ್ಲಿ ಏರುವ ಅಂಶ) ನೋಡುತ್ತಾರೆ, ಕಲ್ಚರ್‌ಗೆ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯುತ್ತಾರೆ. ಕಲ್ಚರ್ ವರದಿಗೆ ದಿನಗಳೇ ಬೇಕು. ಅಷ್ಟು ಕಾಯುವಂತಿಲ್ಲ. ಬಿಪಿ ಕುಸಿದಿದ್ದರೆ, ಇಲ್ಲವೇ ಸೆಪ್ಸಿಸ್ ಅನುಮಾನ ಬಲವಾಗಿದ್ದರೆ, 1 ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕು. ಬಿಪಿ ಏರಿಸಲು ಡ್ರಿಪ್. ಅದಕ್ಕೂ ಏರದಿದ್ದರೆ ಐಸಿಯುನಲ್ಲಿ ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುವ ಔಷಧಿ, ನಾರ್‌ಅಡ್ರಿನಲಿನ್. ಕೀವಿದ್ದರೆ ಹೊರಗೆ ತೆಗೆಯಲೇಬೇಕು, ಬರೀ ಔಷಧಿ ಸಾಲದು.

ನಮ್ಮ ಕಡೆ ಸಮಯ ಹೋಗುವುದು ದಾರಿಯಲ್ಲೇ. ಕಳಸದಿಂದ ಚಿಕ್ಕಮಗಳೂರಿಗೋ ಸಕಲೇಶಪುರದ ಒಳತೋಟಗಳಿಂದ ಹಾಸನಕ್ಕೋ ಮಳೆಗಾಲದಲ್ಲಿ ಹೊರಟವರಿಗೆ ಇದು ಗೊತ್ತು. ದೊಡ್ಡಾಸ್ಪತ್ರೆಗೇ ಹೋಗೋಣ ಅಂತ ಹತ್ತಿರದ ತಾಲ್ಲೂಕು ಆಸ್ಪತ್ರೆ ದಾಟಿ ಹೋಗಬೇಡಿ. ಡ್ರಿಪ್, ಮೊದಲ ಆಂಟಿಬಯಾಟಿಕ್ ಅಲ್ಲೇ ಶುರುವಾಗಬಹುದು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. 108ಕ್ಕೆ ಫೋನ್ ಮಾಡುವಾಗ ಬರೀ ಜ್ವರ ಅನ್ನಬೇಡಿ. ಉಸಿರು ಎಷ್ಟಿದೆ, ಮಾತು ಹೇಗಿದೆ, ಮೂತ್ರ ಯಾವಾಗ ಹೋಯ್ತು ಅಂತ ಹೇಳಿ. ಆಸ್ಪತ್ರೆಗೆ ಹೋದ ಮೇಲೆ ನೇರವಾಗಿಯೇ ಕೇಳಿ: “ಇದು ಸೆಪ್ಸಿಸ್ ಇರಬಹುದಾ ಡಾಕ್ಟ್ರೇ?”