ಕುದುರೆ ಒದೆತ, ಸ್ಯಾಕಿನ ಲೆಕ್ಕ ಮತ್ತು 18.8 ಕೋಟಿ ಡಾಲರ್

2025ರ ಡಿಸೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕಾ ಪಾರ್ಸನ್ಸ್‌ನ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದದ್ದೇ ತಡ, ‘ಇವನಿಗೆ ಇಷ್ಟು ದುಡ್ಡು ಸುರಿಯಬಾರದು ಅಂತ ನಾವು ಆಗಲೇ ಹೇಳಿರಲಿಲ್ವಾ’ ಎನ್ನುವವರೆಲ್ಲ ಎದ್ದು ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನನ್ನು ಡಲ್ಲಾಸ್ ಕೌಬಾಯ್ಸ್‌ನಿಂದ ತಂದು, ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ವರ್ಷಕ್ಕೆ 4.7 ಕೋಟಿ. ಚೆಂಡು ಎಸೆದು ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳನ್ನು ಬಿಟ್ಟರೆ ಅಮೆರಿಕನ್ ಫುಟ್‌ಬಾಲಿನಲ್ಲಿ ಯಾರೂ ಅಷ್ಟು ಕಂಡಿರಲಿಲ್ಲ. ಗಾಯವಾದ ಪಂದ್ಯವೂ ಸೇರಿ ಪ್ಯಾಕರ್ಸ್ ಸಾಲಾಗಿ ಐದು ಪಂದ್ಯ ಸೋತಾಗ ಎದುರು ಗುಂಪಿಗೂ ಬಲ ಬಂತು: ‘ನೋಡಿ, ಅವನಿಲ್ಲದಿದ್ದರೆ ಹಣೆಬರಹ ಇಷ್ಟೇ!’

ಎರಡೂ ಪೊಳ್ಳು ವಾದ. ಒಂದು ಮೊಣಕಾಲು, ಐದು ಪಂದ್ಯ. ಇಷ್ಟರಿಂದ ಏನೂ ಸಾಬೀತಾಗುವುದಿಲ್ಲ. ಆಗಸ್ಟ್‌ನಲ್ಲಿ ತೆಗೆದುಕೊಂಡ ನಿರ್ಧಾರವನ್ನು ಆಗಸ್ಟ್‌ನಲ್ಲಿ ಗೊತ್ತಿದ್ದ ಸಂಗತಿಗಳಿಂದಲೇ ಅಳೆಯಬೇಕು.

ಮೊದಲು ‘ದಾಖಲೆ’ ಎಂಬ ಬೆರಗನ್ನು ಸ್ವಲ್ಪ ಇಳಿಸೋಣ. ಇದೇ ಪ್ಯಾಕರ್ಸ್ 1993ರಲ್ಲಿ ರೆಜಿ ವೈಟ್ ಎಂಬ ದೈತ್ಯನಿಗೆ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್ ಕೊಟ್ಟಿತ್ತು. ವರ್ಷದ ಸರಾಸರಿ ಹಿಡಿದರೆ ಪಾರ್ಸನ್ಸ್‌ನದು ಅದರ 11 ಪಟ್ಟು. ಆದರೆ ಪ್ರತಿ ತಂಡ ಆಟಗಾರರ ಮೇಲೆ ಮಾಡುವ ಖರ್ಚಿಗೆ ಲೀಗ್ ಮಿತಿ ಹಾಕುತ್ತದೆ. ಆ ಮಿತಿ ಶುರುವಾದ 1994ರಲ್ಲಿ 3.46 ಕೋಟಿ ಇತ್ತು, 2025ರಲ್ಲಿ 27.92 ಕೋಟಿ. ಈ ತಟ್ಟೆಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ನೋಡಿದರೆ ವೈಟ್‌ಗೆ ಸುಮಾರು ಶೇ 12, ಪಾರ್ಸನ್ಸ್‌ಗೆ ಶೇ 17ರ ಹತ್ತಿರ. ಏರಿಕೆ ನಿಜ, ಹನ್ನೊಂದು ಪಟ್ಟು ಮಾತ್ರ ಭ್ರಮೆ. ದಾಖಲೆಗಳ ಆಯುಷ್ಯವೂ ಗಿಡ್ಡ. ಪಾರ್ಸನ್ಸ್‌ಗೆ ಸಿಕ್ಕ ಖಾತರಿ ಹಣ 13.6 ಕೋಟಿ, ಅಕ್ಟೋಬರ್ ಮುಗಿಯುವ ಮೊದಲೇ ಡೆಟ್ರಾಯಿಟ್‌ನ ಏಡನ್ ಹಚಿನ್‌ಸನ್ 14.1 ಕೋಟಿ ಖಾತರಿ ಮಾಡಿಸಿಕೊಂಡ.

ನನ್ನನ್ನು ನಿಜಕ್ಕೂ ಕಾಡುವುದು ಸ್ಯಾಕ್ ಎಂಬ ಅಂಕಿ. ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಯಲ್ಲಿರುವಾಗಲೇ ಅವನನ್ನು ಕೆಡವಿದರೆ ಒಂದು ಸ್ಯಾಕ್, ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಪಾರ್ಸನ್ಸ್‌ನಂಥವನ ಕೆಲಸವೇ ಅದು: ಒಂದು ಋತುವಿನಲ್ಲಿ ನೂರಾರು ಸಲ ನುಗ್ಗುತ್ತಾನೆ, ಸಿಗುವುದು ಹತ್ತು ಹದಿನೈದು. ಅವಕಾಶ ಬಹಳ, ಫಲ ಅಪರೂಪ.

ಇಂಥ ಅಪರೂಪದ ಘಟನೆಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ನಾವು ಪ್ರಷ್ಯಾದ ಕುದುರೆಗಳಿಗೆ ಋಣಿಗಳು. 1898ರಲ್ಲಿ ಲಾಡಿಸ್ಲಾಸ್ ಬೋರ್ಟ್‌ಕೀವಿಚ್ ಎಂಬಾತ, ಅಲ್ಲಿನ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಪಟ್ಟಿ ಹಿಡಿದು ಕೂತ. ಹತ್ತು ದಳ, ಇಪ್ಪತ್ತು ವರ್ಷ. ದಳಕ್ಕೆ ವರ್ಷಕ್ಕೊಂದರಂತೆ ಒಟ್ಟು 200 ಲೆಕ್ಕ, 122 ಸಾವು. 109 ಲೆಕ್ಕಗಳಲ್ಲಿ ಸಾವೇ ಇಲ್ಲ, 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ನಾಲ್ಕು. ನಾಲ್ವರು ಸತ್ತ ದಳದಲ್ಲಿ ಶನಿ ಹೊಕ್ಕಿದ್ದಾನೆ, ಕುದುರೆಗೆ ದೃಷ್ಟಿ ತೆಗೆಯಬೇಕು ಅನ್ನಿಸುವುದು ಸಹಜ. ಆದರೆ ಪ್ವಾಸೋನ್ ಎಂಬ ಫ್ರೆಂಚ್ ಗಣಿತಜ್ಞ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಬರೆದಿಟ್ಟಿದ್ದ ಸೂತ್ರಕ್ಕೆ ಸರಾಸರಿ 0.61 ಎಂದಷ್ಟೇ ಹೇಳಿ ನೋಡಿ. ಉತ್ತರ: 109, 66, 20, 4, 1. ಎಲ್ಲ ದಳಕ್ಕೂ ಒಂದೇ ಅಪಾಯ ಇದ್ದರೂ ಸಾವು ಹೀಗೇ ಹಂಚಿಹೋಗುತ್ತದೆ. ಶನಿಗೆ ಇಲ್ಲಿ ಕೆಲಸವೇ ಇಲ್ಲ.

ಇದೇ ಸೂತ್ರದ ಇನ್ನೊಂದು ಮುಖ: ಎಣಿಕೆ ಎಷ್ಟೋ, ಅದರ ವರ್ಗಮೂಲದಷ್ಟು ಓಲಾಟ ಸಹಜ. ಹನ್ನೆರಡು ಸ್ಯಾಕ್‌ನ ಯೋಗ್ಯತೆ ಇರುವವನಿಗೆ ಮೂರೂವರೆ ಅತ್ತ ಇತ್ತ. ಅಂದರೆ ಒಂದು ವರ್ಷ 15, ಮರುವರ್ಷ 9 ಬಂದರೂ ಆಟಗಾರ ಕೂದಲೆಳೆಯಷ್ಟೂ ಬದಲಾಗಿರಬೇಕಿಲ್ಲ. ಶಿಕಾಗೊ ತಂಡ 2018ರಲ್ಲಿ ಖಲೀಲ್ ಮ್ಯಾಕ್‌ಗೆ ಆರು ವರ್ಷಕ್ಕೆ 14.1 ಕೋಟಿ ಕೊಟ್ಟಿತು. ಆ ವರ್ಷ 12.5, ಮರುವರ್ಷ 8.5. ದುಡ್ಡು ಬಂತು, ಹಸಿವು ಹೋಯಿತು ಎಂದು ಬರೆದವರಿಗೆ ಕೊರತೆ ಇರಲಿಲ್ಲ. ಎರಡು ಅಂಕಿಯ ನಡುವಿನ ಅಂತರ ವರ್ಗಮೂಲದ ಲೆಕ್ಕದಲ್ಲೇ ಮುಗಿದುಹೋಗುತ್ತದೆ.

ಈಗ ಪಾರ್ಸನ್ಸ್‌ನ ಮೊದಲ ನಾಲ್ಕು ವರ್ಷ: 13, 13.5, 14, 12. ಎಂಥ ಸ್ಥಿರತೆ ಎನ್ನುತ್ತೀರಿ. ತಮಾಷೆ ಎಂದರೆ, ಯೋಗ್ಯತೆ ಒಂದಿಷ್ಟೂ ಅಲುಗಾಡದವನ ಅಂಕಿ ಕೂಡ ಇದಕ್ಕಿಂತ ಹೆಚ್ಚು ಕುಣಿಯಬೇಕು! ಈ ಸ್ಥಿರತೆಯಲ್ಲೂ ಅದೃಷ್ಟದ ಪಾಲಿದೆ. ನಂಬಬಹುದಾದದ್ದು ಒಟ್ಟು ಮೊತ್ತ, 52.5. ಅದರ ವರ್ಗಮೂಲ ಏಳು ಚಿಲ್ಲರೆ, ಶೇ 14ರಷ್ಟು ಅನುಮಾನ. ಅನುಮಾನ ಪೂರ್ತಿ ಅವನ ವಿರುದ್ಧ ವಾಲಿದರೂ ವರ್ಷಕ್ಕೆ ಹನ್ನೊಂದರ ಮೇಲೆಯೇ ನಿಲ್ಲುತ್ತಾನೆ.

ಅಂದಹಾಗೆ ಸ್ಯಾಕ್ ಅಧಿಕೃತ ಲೆಕ್ಕಕ್ಕೆ ಸೇರಿದ್ದೇ 1982ರಲ್ಲಿ. 2002ರ ಜನವರಿಯಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನ ಮೈಕಲ್ ಸ್ಟ್ರೇಹನ್ 22.5ರ ದಾಖಲೆ ಮುಟ್ಟಿದ ದೃಶ್ಯವನ್ನು ಒಮ್ಮೆ ನೋಡಿ. ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ಅವನತ್ತಲೇ ಓಡಿಬಂದು ತಾನಾಗಿ ನೆಲಕ್ಕೆ ಜಾರುತ್ತಾನೆ, ಸ್ಟ್ರೇಹನ್ ಮೇಲೆ ಬಿದ್ದು ಮುಟ್ಟಿದ ಶಾಸ್ತ್ರ ಮಾಡುತ್ತಾನೆ. ಪುಸ್ತಕದಲ್ಲಿ ಅದಕ್ಕೂ ಒಂದೇ ಅಂಕ.

ಪುಸ್ತಕದಲ್ಲಿ ಕಾಣದ ಕೆಲಸ ಬೇರೆಯೇ ಇದೆ. ಚೆಂಡು ಹಿಂದಕ್ಕೆ ಚಿಮ್ಮುತ್ತದೆ. ಅಂಚಿನಲ್ಲಿ ಬಗ್ಗಿ ನಿಂತ ಪಾರ್ಸನ್ಸ್ ಎರಡು ಹೆಜ್ಜೆಯಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಂತ ಟ್ಯಾಕಲ್‌ನ ಪಕ್ಕಕ್ಕೆ ಬಂದು, ಒಳಭುಜ ತಗ್ಗಿಸಿ, ಅವನ ಕೈಯನ್ನು ಮೇಲಕ್ಕೆ ತಳ್ಳುತ್ತಾನೆ. ಟ್ಯಾಕಲ್ ತತ್ತರಿಸುವುದನ್ನು ಕಂಡು ಪಕ್ಕದ ಗಾರ್ಡ್ ಇತ್ತ ವಾಲುತ್ತಾನೆ. ಎರಡೂವರೆ ಸೆಕೆಂಡ್ ಆಗುವಷ್ಟರಲ್ಲಿ ಗಾಬರಿಬಿದ್ದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಲ್ಲಿಗೋ ಎಸೆದುಬಿಡುತ್ತಾನೆ. ಸ್ಯಾಕ್ ಸೊನ್ನೆ. ಕಬಡ್ಡಿ ನೋಡುವವರಿಗೆ ಇದು ಹೊಸದಲ್ಲ: ಹಿಡಿತ ಗಟ್ಟಿಯಿರುವ ಕಾರ್ನರ್‌ನ ಕಡೆಗೆ ರೈಡರ್ ಹೋಗುವುದೇ ಇಲ್ಲ, ಹಾಗಾಗಿ ಅವನ ಹೆಸರಿಗೆ ಪಾಯಿಂಟೂ ಬರುವುದಿಲ್ಲ.

ಈಗ ಆಟಗಾರರ ಭುಜದ ಪ್ಯಾಡಿನಲ್ಲಿ ಚಿಪ್ ಇದೆ, ಸೆಕೆಂಡಿಗೆ ಹತ್ತು ಸಲ ಜಾಗ ಹೇಳುತ್ತದೆ. ಯಾರು ಎಷ್ಟು ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಹತ್ತಿರ ಬಂದರು, ಇಬ್ಬರು ಸೇರಿ ಯಾರನ್ನು ತಡೆದರು, ಎಲ್ಲವನ್ನೂ ಎಣಿಸಬಹುದು. ಒತ್ತಡ ಹೇರಿದ ಸಂದರ್ಭ 70 ಇದ್ದರೆ ವರ್ಗಮೂಲ ಎಂಟು ಚಿಲ್ಲರೆ, ಅಂದರೆ ಶೇ 12 ಓಲಾಟ. ಹನ್ನೆರಡು ಸ್ಯಾಕ್‌ಗೆ ಅದೇ ಶೇ 29. ಅದೇ ಮನುಷ್ಯನನ್ನು ಎರಡೂ ಅಳೆಯುತ್ತವೆ, ಒಂದು ಕಡಿಮೆ ಸುಳ್ಳು ಹೇಳುತ್ತದೆ.

ಹಾಗಾಗಿ ನನ್ನ ಉತ್ತರ: ಹೌದು, 4.7 ಕೋಟಿ ಕೊಡಬಹುದಿತ್ತು. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ 6 ಕೋಟಿ ಸಿಗುವ ಲೀಗಿನಲ್ಲಿ, ಅಂಥವರ ಕೆಲಸ ಕೆಡಿಸುವ 26ರ ಹುಡುಗನಿಗೆ ಇದು ಅತಿಯೇನಲ್ಲ. ದುಬಾರಿ ಮಾಡಿಕೊಂಡದ್ದು ಡಲ್ಲಾಸ್. ಅವರು ಮೀನಮೇಷ ಎಣಿಸುತ್ತ ಕೂತ 2025ರಲ್ಲೇ ಇಂಥ ಆಟಗಾರರ ಮಾರುಕಟ್ಟೆ ಮ್ಯಾಕ್ಸ್ ಕ್ರಾಸ್ಬಿಯ 3.55 ಕೋಟಿಯಿಂದ ಮೈಲ್ಸ್ ಗ್ಯಾರೆಟ್‌ನ 4 ಕೋಟಿಗೆ, ಅಲ್ಲಿಂದ ಟಿ.ಜೆ. ವಾಟ್‌ನ 4.1 ಕೋಟಿಗೆ ಏರಿತು.

ನನ್ನ ತಕರಾರು ಇರುವುದು ಪ್ಯಾಕರ್ಸ್ ಈ ಹಣದ ಜೊತೆಗೆ ತೆತ್ತ ಇನ್ನೊಂದು ಬೆಲೆಯ ಬಗ್ಗೆ. ತಮ್ಮ ಆಟಗಾರ ಕೆನ್ನಿ ಕ್ಲಾರ್ಕ್‌ನ ಜೊತೆ, ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2026 ಮತ್ತು 2027ರ ಮೊದಲ ಸುತ್ತಿನ ಆಯ್ಕೆಗಳೆರಡನ್ನೂ ಡಲ್ಲಾಸ್‌ಗೆ ಬಿಟ್ಟುಕೊಟ್ಟರು. ಮೊದಲ ಸುತ್ತಿನ ಹುಡುಗ ನಾಲ್ಕು ವರ್ಷ ಅಗ್ಗದ ಸಂಬಳಕ್ಕೆ ದುಡಿಯುತ್ತಾನೆ. ಪಾರ್ಸನ್ಸ್ ಕೂಡ 2021ರಲ್ಲಿ 12ನೆಯ ಆಯ್ಕೆಯಾಗಿ ಬಂದು ಡಲ್ಲಾಸ್‌ಗೆ ಹಾಗೇ ದುಡಿದವನು. ಒಪ್ಪಂದದ ಮೊತ್ತವನ್ನು ಬಾಯಿ ತುಂಬ ಹೇಳುವವರು ಈ ಎರಡು ಹೆಸರಿಲ್ಲದ ಹುಡುಗರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.