ಮೋಟರ್ ಎಷ್ಟು ದಿನ ಬರುತ್ತೆ?

ಕೋಲಾರದ ಕಡೆ ಬೋರಿಗೆ ಮೋಟರ್ ಇಳಿಸುವಾಗ ರೈತರು ನನ್ನನ್ನು ತಪ್ಪದೆ ಕೇಳುವ ಮಾತಿದು: "ಇದು ಎಷ್ಟು ದಿನ ಬರುತ್ತೆ ಸಾರ್?" ಸಾವಿರ ಅಡಿಯಿಂದ ಪೈಪ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದ ಖರ್ಚು ನೋಡಿದವರು ಕೇಳದೆ ಇರುತ್ತಾರೆಯೇ?

ಇದಕ್ಕೊಂದು ಅಳತೆ ಇದೆ. ಎಂಟಿಬಿಎಫ್ ಅನ್ನುತ್ತೇವೆ. ಒಮ್ಮೆ ಕೆಟ್ಟು ಇನ್ನೊಮ್ಮೆ ಕೆಡುವ ನಡುವೆ ಯಂತ್ರ ಸರಾಸರಿ ಎಷ್ಟು ಗಂಟೆ ಓಡಿತು ಎಂಬ ಲೆಕ್ಕ. ಓಡಿದ ಒಟ್ಟು ಗಂಟೆಯನ್ನು ಕೆಟ್ಟ ಸಲದಿಂದ ಭಾಗಿಸಿದರೆ ಮುಗಿಯಿತು. ಸುಲಭ, ಅಲ್ವಾ? ಮೋಸ ಹೋಗುವುದೂ ಅಷ್ಟೇ ಸುಲಭ. ಸಾವಿರ ಪೀಸನ್ನು ನೂರು ಗಂಟೆ ಓಡಿಸಿ, ಒಂದು ಕೆಟ್ಟರೂ ಉತ್ತರ ಲಕ್ಷ ಗಂಟೆಯೇ! ಹಾಗಂತ ಯಾವ ಪೀಸೂ ಲಕ್ಷ ಗಂಟೆ ಬಾಳಿ ತೋರಿಸಿಲ್ಲ.

ನಾನು ನೋಡಿಕೊಳ್ಳುವ 12 ಬೋರುಗಳನ್ನೇ ತೆಗೆದುಕೊಳ್ಳಿ. ದಿನಕ್ಕೆ 6 ಗಂಟೆ, ವರ್ಷಕ್ಕೆ 300 ದಿನ. ಎಲ್ಲ ಸೇರಿ 21,600 ಗಂಟೆ. ಕೆಟ್ಟಿದ್ದು 9 ಸಲ. ಅಂದರೆ 2,400 ಗಂಟೆ, ಓಡುವ ದಿನ ಲೆಕ್ಕ ಹಾಕಿದರೆ 400. "ಹಾಗಾದರೆ ಈ ವರ್ಷ ಯೋಚನೆ ಇಲ್ಲ" ಎಂದರು ತೋಟದವರು. ಯೋಚನೆ ಇದೆ. ಮೋಟರ್ ಕೆಡುವ ಸಾಧ್ಯತೆ ದಿನವೂ ಒಂದೇ ಸಮ ಎಂದಿಟ್ಟುಕೊಂಡರೆ, ನೂರರಲ್ಲಿ ಆ 2,400 ಗಂಟೆ ಮುಟ್ಟುವುದು ಸುಮಾರು 37 ಮಾತ್ರ. ಮಿಕ್ಕವು ಅದಕ್ಕೂ ಮುಂಚೆಯೇ ಕೈಕೊಟ್ಟಿರುತ್ತವೆ.

ಇನ್ನೊಂದು ವಿಷಯ ನೋಟ್‌ಬುಕ್ ತಿರುವಿದಾಗ ಸಿಕ್ಕಿತು. 9ರಲ್ಲಿ 5 ಸಲ ಕೆಟ್ಟಿದ್ದು ಬರೀ ಎರಡು ಬೋರು. ಅವೆರಡರ ಲೆಕ್ಕ 720 ಗಂಟೆ. ಉಳಿದ ಹತ್ತರದು 4,500. ಒಟ್ಟು ಸರಾಸರಿ ಇದನ್ನು ಮುಚ್ಚಿಟ್ಟಿತ್ತು.

ಆ ಎರಡರಲ್ಲೂ ನೀರು ಬೇಗ ಕೆಳಗಿಳಿಯುತ್ತಿತ್ತು. ಸಬ್‌ಮರ್ಸಿಬಲ್ ಮೋಟರಿಗೆ ತಂಪು ಸಿಗುವುದು ಸುತ್ತ ಹರಿಯುವ ನೀರಿನಿಂದಲೇ. ನೀರಿಲ್ಲದೆ ಓಡಿದರೆ (ಇದೇ ಡ್ರೈ ರನ್) ಒಳಗೆ ಶಾಫ್ಟನ್ನು ಹಿಡಿದಿಡುವ ಬುಷ್ ಸವೆಯುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಮೂರು ಫೇಸಲ್ಲಿ ಒಂದು ಹೋದರಂತೂ ಉಳಿದೆರಡರಲ್ಲಿ ಕರೆಂಟ್ ಜಾಸ್ತಿಯಾಗಿ ಸುಟ್ಟೇ ಹೋಗುತ್ತದೆ. ಸುಮ್ನೆ ಕಂಪನಿಯನ್ನು ಬೈದು ಏನು ಪ್ರಯೋಜನ? ಹಾಗಾಗಿ ಎರಡಕ್ಕೂ ಡ್ರೈ ರನ್ ಆದರೆ ನಿಲ್ಲಿಸುವ ಪ್ಯಾನಲ್ ಹಾಕಿಸಿದೆವು. ಓಡಿದ ಗಂಟೆ ಎಣಿಸುವ ಅವರ್ ಮೀಟರನ್ನೂ ಕೂರಿಸಿದೆವು. ಮೂರು ಫೇಸ್ ಕರೆಂಟು ಯಾವಾಗ ಬರುತ್ತದೋ ನಂಬುವಂತಿಲ್ಲ. ಬಾಯಿಲೆಕ್ಕದ ಗಂಟೆಗೆ ಅರ್ಥವಿಲ್ಲ.

ರಿಪೇರಿಗೆ ನಾಲ್ಕು ದಿನ ಹಿಡಿಯುತ್ತದೆ. ಆ ಎರಡು ಬೋರಿನ 720 ಗಂಟೆ ಅಂದರೆ ಓಡುವ 120 ದಿನ; ಅದಕ್ಕೆ ನಾಲ್ಕು ದಿನ ಎಂದರೆ ಕಾಗದದ ಮೇಲೆ ಚಿಕ್ಕದೇ. ಏಪ್ರಿಲ್‌ನಲ್ಲಿ ಹೂ ಬಿಟ್ಟ ಟೊಮೆಟೊಗೆ ಚಿಕ್ಕದಲ್ಲ.

ಈಗ ಆ ಎರಡೂ ಸೇರಿ 900 ಗಂಟೆ ತೊಂದರೆ ಇಲ್ಲದೆ ಓಡಿವೆ. ತೋಟದವರು ಗೆದ್ದೆವು ಅನ್ನುತ್ತಾರೆ. ಒಂದು ಸಲವೂ ಕೆಡದಿದ್ದಾಗ ಓಡಿದ ಗಂಟೆಯನ್ನು ಮೂರರಿಂದ ಭಾಗಿಸಿ, ಸರಾಸರಿ ಅಷ್ಟಾದರೂ ಬರುತ್ತದೆ ಎಂದು 95 ಪರ್ಸೆಂಟ್ ನಂಬಿಕೆಯಿಂದ ಹೇಳಬಹುದು. ಅದು ಬರೀ 300. ಹಳೆಯ 720 ದಾಟಿದೆ ಅಂತ ನಾನು ಹೇಳಬೇಕಾದರೆ ಎರಡೂ ಸೇರಿ 2,160 ಗಂಟೆ ಕೆಡದೆ ಓಡುವವರೆಗೆ ಕಾಯಬೇಕು. ಅಲ್ಲಿಯವರೆಗೆ ಸ್ಪೇರ್ ಮೋಟರ್ ಶೆಡ್‌ನಲ್ಲೇ ಇರಲಿ ಎಂದಿದ್ದೇನೆ.