ಮ್ಯೂಆನ್: ಯಾರೂ ಕೇಳದೆ ಬಂದ ಕಣ

ಅಂಗೈ ಬಿಚ್ಚಿ ಮೇಲ್ಮುಖವಾಗಿ ಹಿಡಿಯಿರಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಅದನ್ನು ತೂರಿಕೊಂಡು ಕೆಳಗಿಳಿಯುತ್ತದೆ. ತಾರಸಿ ಕೆಳಗೆ ಕೂತಿದ್ದರೂ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಶಾಲೆಯಲ್ಲಿ ಓದಿದ ಪರಮಾಣು ನೆನಪಿದೆ ಅಲ್ವಾ? ನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್. ಕಲ್ಲು, ನೀರು, ನಮ್ಮ ಮೈ, ಎಲ್ಲಕ್ಕೂ ಈ ಮೂರೇ ಸಾಕು. ಮ್ಯೂಆನ್‌ಗೆ ಅಲ್ಲಿ ಜಾಗವೇ ಇಲ್ಲ. ಅದು ಎಲೆಕ್ಟ್ರಾನಿನ ಅಣ್ಣ ಇದ್ದ ಹಾಗೆ: ವಿದ್ಯುದಂಶ ಅಷ್ಟೇ, ಸ್ವಭಾವವೂ ಅದೇ, ತೂಕ ಮಾತ್ರ ಸುಮಾರು 207 ಪಟ್ಟು ಜಾಸ್ತಿ. ಎಲೆಕ್ಟ್ರಾನ್‌ನಂತೆಯೇ ಇದನ್ನೂ ಇನ್ನೂ ಚಿಕ್ಕ ಚೂರುಗಳಾಗಿ ಒಡೆಯಲು ಈವರೆಗೆ ಆಗಿಲ್ಲ.

ಇದು ಸಿಕ್ಕಿದ್ದು 1936ರಲ್ಲಿ, ಅಮೆರಿಕದ ಕಾರ್ಲ್ ಆಂಡರ್ಸನ್ ಮತ್ತು ಸೆತ್ ನೆಡರ್‌ಮೈಯರ್ ಅವರಿಗೆ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ. ಅದರ ಹಿಂದಿನ ವರ್ಷವಷ್ಟೇ ಜಪಾನಿನ ಯುಕಾವಾ, ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಒಂದು ಕಣ ಇರಬೇಕು, ಅದು ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರ ಇರಬೇಕು ಎಂದಿದ್ದರು. ತೂಕ ತಾಳೆಯಾಯಿತು, ಹಾಗಾಗಿ ಇದೇ ಅದು ಅಂದುಕೊಂಡರು. ಆದರೆ ಮ್ಯೂಆನ್ ನ್ಯೂಕ್ಲಿಯಸ್ಸನ್ನು ಕ್ಯಾರೇ ಅನ್ನುತ್ತಿರಲಿಲ್ಲ. ಯುಕಾವಾ ಹೇಳಿದ ನಿಜವಾದ ಕಣ, ಅಂದರೆ ಪಯಾನ್, ಸಿಕ್ಕಿದ್ದು 1947ರಲ್ಲಿ. ಹಾಗಾದರೆ ಈ ಮ್ಯೂಆನ್ ಯಾತಕ್ಕೆ? ‘ಇದನ್ನು ಆರ್ಡರ್ ಮಾಡಿದವರು ಯಾರು?’ ಎಂದು ಭೌತವಿಜ್ಞಾನಿ ರಾಬಿ ಕೇಳಿದ್ದು ಆ ವಲಯದಲ್ಲಿ ಇವತ್ತಿಗೂ ಓಡಾಡುವ ಮಾತು. ತಮಾಷೆ ಅನ್ನಿಸಬಹುದು, ಆದರೆ ಈ ಪ್ರಶ್ನೆಗೆ ಒಪ್ಪುವಂಥ ಉತ್ತರ ಈಗಲೂ ಸಿಕ್ಕಿಲ್ಲ.

ಹೊರಗಿನಿಂದ ಬರುವ ಪ್ರೋಟಾನ್‌ಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಪಯಾನ್‌ಗಳು ಹುಟ್ಟುತ್ತವೆ. ಅವು ಒಡೆದು ಮ್ಯೂಆನ್ ಆಗುತ್ತವೆ. ಇದರ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಆಮೇಲೆ ಒಂದು ಎಲೆಕ್ಟ್ರಾನ್, ಎರಡು ನ್ಯೂಟ್ರಿನೊ (ವಿದ್ಯುದಂಶವಿಲ್ಲದ, ತೀರಾ ಹಗುರ ಕಣ) ಬಿಟ್ಟು ಮಾಯವಾಗುತ್ತದೆ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ ಸಾಗುವುದು ಸುಮಾರು 660 ಮೀಟರ್. ಹುಟ್ಟುವುದು ಹತ್ತು ಹದಿನೈದು ಕಿಲೋಮೀಟರ್ ಮೇಲೆ. ಹಾಗಾದರೆ ಅಂಗೈ ತನಕ ಬರುವುದು ಹೇಗೆ?

ಇಲ್ಲಿ ಐನ್‌ಸ್ಟೈನ್ ಬೇಕು. ಬೆಳಕಿನ ವೇಗದ ಹತ್ತಿರ ಓಡುವುದರ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. 1960ರ ದಶಕದ ಮೊದಲ ಭಾಗದಲ್ಲಿ ಇದನ್ನು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಎಣಿಸಿಯೇ ನೋಡಿದರು. ಸುಮಾರು 1,900 ಮೀಟರ್ ಎತ್ತರದ ಆ ಬೆಟ್ಟದ ಮೇಲೆ ಗಂಟೆಗೆ 560ರಷ್ಟು ಮ್ಯೂಆನ್ ಸಿಕ್ಕವು. ಗಡಿಯಾರ ನಿಧಾನವಾಗದಿದ್ದರೆ ಸಮುದ್ರಮಟ್ಟಕ್ಕೆ ಬರುವಷ್ಟರಲ್ಲಿ 27ರಷ್ಟು ಉಳಿಯಬೇಕಿತ್ತು. ಉಳಿದಿದ್ದು 400ಕ್ಕೂ ಜಾಸ್ತಿ. ಸಾಪೇಕ್ಷತೆಗೆ ಇಷ್ಟು ಸರಳವಾದ ಪುರಾವೆ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಮ್ಯೂಆನಿನ ಹೆಚ್ಚಿನ ತೂಕದ ಒಂದು ಉಪಯೋಗ ಪರಮಾಣುವಿನ ಒಳಗೆ. ಹೈಡ್ರೋಜನ್ನಿನ ಎಲೆಕ್ಟ್ರಾನ್ ತೆಗೆದು ಮ್ಯೂಆನ್ ಕೂರಿಸಿದರೆ ಅದು ಸುಮಾರು 200 ಪಟ್ಟು ಹತ್ತಿರದಲ್ಲಿ ಸುತ್ತುತ್ತದೆ, ಪ್ರೋಟಾನಿನ ಗಾತ್ರವನ್ನು ಚೆನ್ನಾಗಿ ಗುರುತಿಸುತ್ತದೆ. 2010ರಲ್ಲಿ ಹೀಗೆ ಅಳೆದಾಗ ಪ್ರೋಟಾನ್ ಅಲ್ಲಿಯವರೆಗೆ ಅಂದುಕೊಂಡಿದ್ದಕ್ಕಿಂತ ಶೇಕಡ 4ರಷ್ಟು ಚಿಕ್ಕದು ಅಂತ ಬಂದು ದೊಡ್ಡ ಚರ್ಚೆಯೇ ಆಯಿತು.

ಭಾರ ಇರುವುದರಿಂದಲೇ ಮ್ಯೂಆನ್ ಬಂಡೆಯೊಳಗೆ ಬಲು ಆಳಕ್ಕೆ ಇಳಿಯುತ್ತದೆ. ಎಷ್ಟು ಆಳಕ್ಕೆ? ಇದನ್ನು ಅಳೆಯಲು ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟವಿತ್ತು. 1950ರ ದಶಕದ ಆರಂಭದಲ್ಲಿ ಹೋಮಿ ಭಾಭಾ ಈ ಕೆಲಸ ವಹಿಸಿದ್ದು ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ ಅವರಿಗೆ. ಮುಂದೆ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಆಳಕ್ಕೆ ಇಳಿದಂತೆ ಎಣಿಕೆ ಇಳಿಯುತ್ತಾ ಹೋಯಿತು. 1960ರ ದಶಕದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು ಕಾದರೆ ಎರಡು ತಿಂಗಳಾದರೂ ಒಂದೂ ಮ್ಯೂಆನ್ ಇಲ್ಲ!

ಸೋಲು ಅನ್ನಿಸೀತು, ಆದರೆ ಅವರಿಗೆ ಬೇಕಾಗಿದ್ದು ಇಂಥ ಮೌನದ ಜಾಗವೇ. ನ್ಯೂಟ್ರಿನೊ ಯಾವುದಕ್ಕೂ ತಡೆಯಿಲ್ಲದೆ ಭೂಮಿಯನ್ನೇ ದಾಟಿಹೋಗುತ್ತದೆ. ಎಲ್ಲೋ ಅಪರೂಪಕ್ಕೆ ಬಂಡೆಯ ನ್ಯೂಕ್ಲಿಯಸ್ಸಿಗೆ ಬಡಿದರೆ ಮ್ಯೂಆನ್ ಹುಟ್ಟುತ್ತದೆ. ಮೇಲಿನಿಂದ ಬರುವ ಮ್ಯೂಆನ್‌ಗಳು ಅಷ್ಟು ಆಳದಲ್ಲಿ ಹೆಚ್ಚಾಗಿ ನೆಟ್ಟಗೆ ಇಳಿಯುತ್ತವೆ. ಅಡ್ಡಡ್ಡ ಬಂದದ್ದು ಅಷ್ಟೊಂದು ಬಂಡೆ ದಾಟಿ ಬರಲು ಸಾಧ್ಯವಿಲ್ಲ, ಅದು ಅಲ್ಲೇ ಹತ್ತಿರ ನ್ಯೂಟ್ರಿನೊ ಹೊಡೆತಕ್ಕೆ ಹುಟ್ಟಿರಬೇಕು. ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ತಂಡಗಳ ಜೊತೆ ಸೇರಿ ಇಂಥ ಅಡ್ಡ ಗೆರೆಗಳಿಗಾಗಿ ಕಾದರು. 1965ರಲ್ಲಿ ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಜಗತ್ತಿಗೆ ಮೊದಲು ಸಿಕ್ಕಿದ್ದು ಆ ವರ್ಷ: ಇಲ್ಲಿ, ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ.